ಸುಬ್ರತಾ ಪಾಲ್ ಬಗ್ಗೆ ಮಗನಿಗೆ ಏನು ಹೇಳಲಿ? 2004ರ ಕಂಠೀರವ ಫೈನಲ್ ನೋಡಿದವರು ಯಾರಾದರೂ ಇದ್ದೀರಾ?

ನಿಗಡಿ ಗೋಲಿ:

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯವನು. ಪುಣೆಗೆ ಬಂದು ಹದಿನೇಳು ವರ್ಷ ಆಯಿತು. ಚಿಂಚವಾಡದಲ್ಲಿ ಕೆಲಸ, ನಿಗಡಿಯಲ್ಲಿ ಮನೆ.

ನನ್ನ ಮಗನಿಗೆ ಹನ್ನೆರಡು ವರ್ಷ. ಈ ಜೂನ್‌ನಿಂದ ಫುಟ್‌ಬಾಲ್ ಕೋಚಿಂಗ್‌ಗೆ ಹೋಗುತ್ತಿದ್ದಾನೆ. ಎತ್ತರ ಇದ್ದಾನೆ ಅಂತ ಕೋಚ್ ಗೋಲ್‌ನಲ್ಲಿ ನಿಲ್ಲಿಸಿದರು. ಅವನಿಗೂ ಅದೇ ಹಿಡಿಸಿಬಿಟ್ಟಿದೆ. ನಾನೂ ಕಾಲೇಜಿನಲ್ಲಿ ಗೋಲ್‌ಕೀಪರ್ ಆಗಿದ್ದವನು, ಖುಷಿ ಆಗದೇ ಇರುತ್ತದಾ? ಹಳೇ ಟ್ರಂಕಿನಲ್ಲಿ ಪೇಪರ್‌ನಿಂದ ಕತ್ತರಿಸಿ ಇಟ್ಟಿದ್ದ, ಭಾರತ ತಂಡದ ಗೋಲ್‌ಕೀಪರ್ ಆಗಿದ್ದ ಸುಬ್ರತಾ ಪಾಲ್ ಫೋಟೋ ಹುಡುಕಿ ಅವನ ಓದುವ ಮೇಜಿನ ಮೇಲೆ ಅಂಟಿಸಿದೆ.

ಕಳೆದ ಭಾನುವಾರ ಮೈದಾನದಲ್ಲಿ ಮಾತಿಗೆ ಮಾತು ಬಂದು ಸುಬ್ರತಾ ಹೆಸರು ಹೇಳಿದೆ. ಇನ್ನೊಬ್ಬ ಹುಡುಗನ ತಂದೆ, "ಅವನಾ? ಅವನು ಒಬ್ಬ ಪ್ಲೇಯರ್‌ನ ಗ್ರೌಂಡಲ್ಲೇ ಸಾಯಿಸಿದವನಲ್ವಾ" ಅಂದರು. ಸಿಟ್ಟಿನಿಂದ ಹೇಳಲಿಲ್ಲ. ಊರಿಗೆಲ್ಲ ಗೊತ್ತಿರುವ ಮಾತು ಅನ್ನುವ ಹಾಗೆ ಹೇಳಿದರು. ಮಗ ಪಕ್ಕದಲ್ಲೇ ಗ್ಲೌಸ್ ಬಿಚ್ಚುತ್ತಾ ನಿಂತಿದ್ದ. ಸ್ಕೂಟರ್ ಮೇಲೆ ಮನೆಗೆ ಬರುವಾಗ ಹಿಂದಿನಿಂದ ಕೇಳಿದ, "ಪಪ್ಪಾ, ಅದು ಹೌದಾ?" ಟ್ರಾಫಿಕ್ ಗದ್ದಲದಲ್ಲಿ ಕೇಳಿಸದವನ ಹಾಗೆ ಸುಮ್ಮನಿದ್ದೆ. ನಾಲ್ಕು ದಿನದಿಂದ ಅದೇ ಕೊರೆಯುತ್ತಿದೆ.

ನನಗೆ ಗೊತ್ತಿರುವುದು ಇಷ್ಟು. 2004ರ ಡಿಸೆಂಬರ್ 5, ಬೆಂಗಳೂರಿನ ಕಂಠೀರವ ಸ್ಟೇಡಿಯಂ, ಫೆಡರೇಷನ್ ಕಪ್ ಫೈನಲ್. ಗೋವಾದ ಡೆಂಪೊ ಮತ್ತು ಕೋಲ್ಕತ್ತಾದ ಮೋಹನ್ ಬಗಾನ್. ಡೆಂಪೊದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ಎರಡನೇ ಗೋಲ್ ಹೊಡೆಯುವಾಗ ಬಗಾನ್ ಗೋಲ್‌ಕೀಪರ್ ಸುಬ್ರತಾಗೆ ಡಿಕ್ಕಿ ಆಯಿತು. ಜೂನಿಯರ್ ಬಿದ್ದವರು ಏಳಲಿಲ್ಲ. ಅವರಿಗೆ 25 ವರ್ಷ. ಸುಬ್ರತಾಗೆ 18 ತುಂಬಿ ಹನ್ನೊಂದು ದಿನ ಆಗಿತ್ತು.

ನಾನು ನೋಡಿದ ಸುಬ್ರತಾ ಇದೇ ಪುಣೆಯವರು. 2009ರಿಂದ ಮೂರು ಸೀಸನ್ ಪುಣೆ ಎಫ್‌ಸಿಗೆ ಆಡಿದರು. ಬಾಲೇವಾಡಿಯಲ್ಲಿ ಎಷ್ಟೋ ಸಲ ಖಾಲಿ ಸ್ಟ್ಯಾಂಡಿನಲ್ಲಿ ಕೂತು ನೋಡಿದ್ದೇನೆ. ಜನ ಕಡಿಮೆ ಇದ್ದುದರಿಂದ ಅವರು ಡಿಫೆಂಡರ್‌ಗಳನ್ನು ಕೂಗುವ ದನಿ ನಮಗೂ ಕೇಳಿಸುತ್ತಿತ್ತು. 2011ರ ಜನವರಿಯಲ್ಲಿ ದೋಹಾದ ಏಷ್ಯನ್ ಕಪ್‌ನಲ್ಲಿ ದಕ್ಷಿಣ ಕೊರಿಯಾ ಎದುರು ಭಾರತ ಸೋತಿದ್ದು 4-1ರಲ್ಲಿ, ಆದರೆ ಆ ದಿನ ಅವರು ಹಿಡಿದ ಚೆಂಡುಗಳನ್ನು ನೋಡಿ ಸ್ಪೈಡರ್‌ಮ್ಯಾನ್ ಅಂತ ಹೆಸರು ಬಂತು. ಅವತ್ತು ನಮ್ಮ ಶಿಫ್ಟಿನವರೆಲ್ಲ ಕ್ಯಾಂಟೀನ್ ಟಿವಿ ಮುಂದೆ ನಿಂತಿದ್ದೆವು.

2023ರಲ್ಲಿ ಅವರು ಆಟ ಬಿಟ್ಟರು. ಆದರೂ ಒಬ್ಬ ತಂದೆಯ ಬಾಯಲ್ಲಿ ಅವರ ಹೆಸರಿಗೆ ಮೊದಲು ಅಂಟಿಕೊಂಡು ಬಂದಿದ್ದು ಆ ಒಂದು ಸಂಜೆ. ಅವತ್ತು ಸ್ಟೇಡಿಯಂನಲ್ಲಿ ಇದ್ದವರು ದಯವಿಟ್ಟು ಬರೆಯಿರಿ. ಬೇಕಂತ ಗುದ್ದಿದರಾ? ಆ ಮನುಷ್ಯ ಎಂಥವರು?

---

ವಾಕಡ್ ನಿವಾಸಿ:

ನಾನಿದ್ದೆ. ಆಗ ಬೆಂಗಳೂರಿನಲ್ಲಿ ಡಿಪ್ಲೊಮಾ ಓದುತ್ತಿದ್ದೆ. ಗೆಳೆಯರ ಜೊತೆ ಹೋಗಿದ್ದೆ.

ಇಪ್ಪತ್ತು ವರ್ಷದಿಂದ ಜನ "ನೀನು ಕಣ್ಣಾರೆ ನೋಡಿದ್ದೀಯಲ್ಲಾ, ಏನಾಯ್ತು ಹೇಳು" ಅಂತ ಕೇಳುತ್ತಾರೆ. ನಿಜ ಹೇಳಬೇಕಂದ್ರೆ ನಾನು ಏನೂ ನೋಡಲಿಲ್ಲ. ಕಂಠೀರವದಲ್ಲಿ ಸ್ಟ್ಯಾಂಡಿಗೂ ಮೈದಾನಕ್ಕೂ ನಡುವೆ ಓಟದ ಟ್ರ್ಯಾಕ್ ಇದೆ. ಗೋಲ್ ಕಂಬ ಅಷ್ಟು ದೂರ ಕಾಣುತ್ತೆ. ಚೆಂಡು ಒಳಗೆ ಹೋಗಿದ್ದು ಕಂಡಿತು, ನಾವೆಲ್ಲ ಎದ್ದು ಕೂಗಿದೆವು. ಎರಡು ಮೈಗಳು ತಾಗಿದ್ದು ಕಂಡಿತು. ಕೈ ಎಲ್ಲಿ ತಾಗಿತು, ಎಷ್ಟು ಜೋರಾಗಿ ತಾಗಿತು, ಅದು ಅಲ್ಲಿದ್ದ ಯಾರಿಗೂ ಕಾಣಿಸಿರಲಿಕ್ಕಿಲ್ಲ.

ನೆನಪಿರುವುದು ಆಮೇಲಿನದು. ನಾವು ಇನ್ನೂ ಚಪ್ಪಾಳೆ ಹೊಡೆಯುತ್ತಿದ್ದೆವು. ಡೆಂಪೊ ಹುಡುಗರು ಗೋಲ್ ಸಂಭ್ರಮಕ್ಕೆ ಓಡಿ ಬಂದವರು ಅವನ ಹತ್ತಿರ ಬಂದು ನಿಂತುಬಿಟ್ಟರು. ಒಬ್ಬ ಕೈ ಎತ್ತಿ ಹೊರಗಿನವರನ್ನು ಕರೆಯತೊಡಗಿದ. ಕರೆಯುತ್ತಲೇ ಇದ್ದ. ನನ್ನ ಗೆಳೆಯ "ಟೈಮ್ ವೇಸ್ಟ್ ಮಾಡ್ತಿದಾರೆ" ಅಂದ. ಪಾಪ, ಅವನಿಗೇನು ಗೊತ್ತು. ಆ ಮಾತಿಗೆ ಅವನು ಇವತ್ತಿಗೂ ನೊಂದುಕೊಳ್ಳುತ್ತಾನೆ.

ಡೆಂಪೊ 2-0ರಲ್ಲಿ ಗೆದ್ದಿತು. ಎರಡೂ ಗೋಲ್ ಜೂನಿಯರ್‌ದೇ. ಆಮೇಲೆ ಸಾವಿನ ಸುದ್ದಿ ಕೇಳಿದಾಗ ನಾವು ಬಸ್ ಸ್ಟಾಪ್‌ನಲ್ಲಿದ್ದೆವು.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬಲ್ಲೆ. "ನಾನು ನೋಡಿದೆ, ಬೇಕಂತಲೇ ಗುದ್ದಿದ" ಅನ್ನುವವರ ಮಾತು ನಂಬಬೇಡಿ. ನಾನೂ ಅಲ್ಲೇ ಇದ್ದೆ.

---

ಬೈನಾ ಡೆಂಪೊ:

ನಾವು ಗೋವಾದವರು, ವಾಸ್ಕೋದ ಬೈನಾ. ಅಪ್ಪ ಗದಗಿನಿಂದ ಬಂದವರು, ಬಂದರಿನಲ್ಲಿ ಕೂಲಿ ಮಾಡಿದರು. ನಾನು ಹುಟ್ಟಿದ್ದು ಇಲ್ಲೇ. ನಮ್ಮ ಓಣಿಯಲ್ಲಿ ಕ್ರಿಕೆಟ್‌ಗಿಂತ ಫುಟ್‌ಬಾಲ್ ಜಾಸ್ತಿ.

ನಿಗಡಿ ಅಣ್ಣಾ, ನಿಮ್ಮ ಮಗನ ವಿಷಯ ಓದಿ ಬೇಜಾರಾಯಿತು. ಆದರೆ ನಮ್ಮ ಕಡೆಯದ್ದೂ ಕೇಳಿ. ಜೂನಿಯರ್ ಅಂದರೆ ಸುಮ್ನೆ ಯಾರೋ ಅಲ್ಲ. ಹಿಂದಿನ ವರ್ಷ ಈಸ್ಟ್ ಬೆಂಗಾಲ್‌ಗೆ ಆಡಿ 15 ಗೋಲ್ ಹೊಡೆದು ಲೀಗ್ ಗೆಲ್ಲಿಸಿದವನು. ಅವನು ನಮ್ಮ ಟೀಮಿಗೆ ಬರುತ್ತಾನೆ ಅಂತ ಗೊತ್ತಾದ ದಿನ ನಮ್ಮ ಓಣಿಯಲ್ಲಿ ಚವತಿ ಬಂದ ಹಾಗಿತ್ತು. ಕೆಲವೇ ತಿಂಗಳು ಆಡಿದ. ಆ ಸೀಸನ್ ನಾವು ರಾಷ್ಟ್ರೀಯ ಲೀಗನ್ನೂ ಗೆದ್ದೆವು, ಅವನು ನೋಡಲಿಲ್ಲ. ಡೆಂಪೊ ಹತ್ತನೇ ನಂಬರ್ ಜರ್ಸಿಯನ್ನು ಮತ್ತೆ ಯಾರಿಗೂ ಕೊಡಲಿಲ್ಲ.

ಫುಟ್‌ಬಾಲ್ ಫೆಡರೇಷನ್ ಸುಬ್ರತಾನನ್ನು ಎರಡು ತಿಂಗಳು ಹೊರಗಿಟ್ಟಿತು. ಏನೂ ತಪ್ಪಿಲ್ಲದಿದ್ದರೆ ಯಾಕೆ ಹೊರಗಿಡುತ್ತಾರೆ? ಆಮೇಲೆ ಅವನು ದೇಶಕ್ಕೆ ಆಡಿದ, ಅರ್ಜುನ ಪ್ರಶಸ್ತಿ ತಗೊಂಡ. ನಮ್ಮ ಹುಡುಗ ಪೆಟ್ಟಿಗೆಯಲ್ಲಿ ಬ್ರೆಜಿಲ್‌ಗೆ ಹೋದ. ಅವನು ಕೊಲೆಗಾರ ಅಂತ ನಾನು ಹೇಳಲ್ಲ. ಆದರೆ ಸ್ಪೈಡರ್‌ಮ್ಯಾನ್ ಅಂತ ಚಪ್ಪಾಳೆ ಹೊಡೆಯಲು ನನ್ನ ಕೈ ಬರಲ್ಲ. ಅವನು ಇಲ್ಲಿನ ಫಾತೋರ್ಡಾ ಸ್ಟೇಡಿಯಂಗೆ ಆಡಲು ಬಂದಾಗಲೂ ನಾನು ಸುಮ್ಮನೆ ಕೂತಿದ್ದೆ.

---

ಮುಲುಂಡ್ ಸಿಸ್ಟರ್:

ನನಗೆ ಫುಟ್‌ಬಾಲ್ ಅಷ್ಟು ಗೊತ್ತಿಲ್ಲ, ಮನೆಯವರು ತೋರಿಸಿದರು ಅಂತ ಓದಿದೆ. ಕಾರ್ಡಿಯಾಕ್ ಐಸಿಯುನಲ್ಲಿ ನರ್ಸ್ ಆಗಿ ಹದಿನಾಲ್ಕು ವರ್ಷ ಆಯಿತು.

ಮರಣೋತ್ತರ ಪರೀಕ್ಷೆಯಲ್ಲಿ ಬಂದಿದ್ದು ಹೃದಯ ನಿಂತಿದ್ದು ಅಂತ. ಅಂಥ ಹೊತ್ತಿನಲ್ಲಿ ಲೆಕ್ಕ ನಿಮಿಷದ್ದು. ಎದೆ ಒತ್ತುವುದನ್ನು ತಕ್ಷಣ ಶುರು ಮಾಡಬೇಕು, ನಿಮಿಷಕ್ಕೆ 100ರಿಂದ 120 ಸಲ. ಶಾಕ್ ಕೊಡುವ ಯಂತ್ರ ಕೈಗೆ ಸಿಗಬೇಕು. ಯಾರೂ ಎದೆ ಒತ್ತದೆ ಇದ್ದರೆ, ಶಾಕ್ ತಡವಾದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ನೂರಕ್ಕೆ ಏಳರಿಂದ ಹತ್ತರಷ್ಟು ಇಳಿಯುತ್ತೆ. 2021ರ ಯೂರೊದಲ್ಲಿ ಡೆನ್ಮಾರ್ಕ್‌ನ ಎರಿಕ್ಸನ್ ಬಿದ್ದಿದ್ದು ಎಲ್ಲರೂ ನೋಡಿದ್ದೀರಿ. ಅವರ ಹೃದಯವೂ ನಿಂತಿತ್ತು. ಯಂತ್ರ ಮೈದಾನದಲ್ಲೇ ಇತ್ತು. ಮುಂದಿನ ವರ್ಷ ಮತ್ತೆ ಆಡಿದರು. ಅವರಿಗೆ ಯಾರೂ ಡಿಕ್ಕಿ ಹೊಡೆದಿರಲಿಲ್ಲ ಅನ್ನೋದನ್ನೂ ಗಮನಿಸಿ.

ಜೂನಿಯರ್ ಹೃದಯ ಯಾಕೆ ನಿಂತಿತು ಅಂತ ನಾವಿಲ್ಲಿ ಕೂತು ಹೇಳೋಕಾಗಲ್ಲ. ಆದರೆ "ಕರೆಯುತ್ತಲೇ ಇದ್ದ" ಅಂತ ವಾಕಡ್‌ನವರು ಬರೆದಿದ್ದಾರಲ್ಲ, ಅದನ್ನು ಓದಿ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು.

---

ನಿಗಡಿ ಗೋಲಿ:

ಮೂವರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ಊಟ ಆದಮೇಲೆ ಎರಡೆರಡು ಸಲ ಓದಿದೆ.

ಬೈನಾ ತಮ್ಮಾ, ನಿಮ್ಮ ಕೈ ಬರಲ್ಲ ಅಂದಿದ್ದು ನನಗೆ ಅರ್ಥ ಆಗುತ್ತೆ. ಬರಬೇಕು ಅಂತ ನಾನು ಕೇಳುವುದೂ ಇಲ್ಲ. ಆದರೆ "ತಪ್ಪಿಲ್ಲದಿದ್ದರೆ ಯಾಕೆ ಹೊರಗಿಟ್ಟರು" ಅಂದಿರಲ್ಲ, ಅದಕ್ಕೆ ಒಬ್ಬ ಗೋಲ್‌ಕೀಪರ್ ಆಗಿ ಉತ್ತರ ಕೊಡಬೇಕು ನಾನು.

ಸ್ಟ್ರೈಕರ್ ಒಬ್ಬನೇ ಚೆಂಡು ತಗೊಂಡು ಬಾಕ್ಸ್ ಒಳಗೆ ಬಂದಾಗ ಗೋಲ್‌ಕೀಪರ್ ಲೈನ್ ಮೇಲೆ ನಿಂತರೆ ಗೋಲ್ ಆದ ಹಾಗೇ. ಮುಂದೆ ಬಂದರೆ ಕೋನ ಚಿಕ್ಕದಾಗುತ್ತೆ. ಅದಕ್ಕೇ ಎಲ್ಲ ಕೋಚ್‌ಗಳೂ ಹೇಳಿಕೊಡುವುದು "ಬಾ, ಹೆದರಬೇಡ, ಮೈ ದೊಡ್ಡದು ಮಾಡು" ಅಂತ. ನನ್ನ ಮಗನಿಗೂ ಈಗ ಅದನ್ನೇ ಕಲಿಸುತ್ತಿದ್ದಾರೆ. ಎರಡು ಹೆಜ್ಜೆ ಓಡಿ ಮೈ ಹಾಕಿದ ಮೇಲೆ ಅದನ್ನು ವಾಪಸ್ ತಗೊಳ್ಳೋಕೆ ಆಗಲ್ಲ. ಆ ಕಡೆಯವನೂ ಅಷ್ಟೇ ಜೋರಾಗಿ ಬರುತ್ತಿರುತ್ತಾನೆ. ನನ್ನ ಎಡಗೈ ಕಿರುಬೆರಳು ಇವತ್ತಿಗೂ ಪೂರ್ತಿ ಮಡಚಲ್ಲ, ಅಂಥದ್ದೇ ಒಂದು ಚೆಂಡಿಗೆ ಹೋಗಿ ಮುರಿದುಕೊಂಡಿದ್ದು. ಆ ಹುಡುಗನ ಹಲ್ಲು ಒಡೆದಿತ್ತು. ಇಬ್ಬರೂ ಒಂದೇ ರಿಕ್ಷಾದಲ್ಲಿ ಆಸ್ಪತ್ರೆಗೆ ಹೋದೆವು. ಅವತ್ತು ಅವನಿಗೆ ಹಲ್ಲಿನ ಬದಲು ಬೇರೆ ಏನಾದರೂ ಆಗಿದ್ದರೆ? ನಾನು ಅದೇ ನಾನೇ ಇರುತ್ತಿದ್ದೆ, ಜನ ನನ್ನನ್ನು ಕರೆಯುವ ಹೆಸರು ಮಾತ್ರ ಬೇರೆ ಆಗಿರುತ್ತಿತ್ತು.

ಸುಬ್ರತಾ ಬಂದಿದ್ದು ಒರಟಾಗಿಯೇ ಇರಬಹುದು. ಅದನ್ನು ನಾನು ಒಪ್ಪುತ್ತೇನೆ. ಹದಿನೆಂಟರ ಹುಡುಗ, ಮೋಹನ್ ಬಗಾನ್ ಜರ್ಸಿ, ಫೈನಲ್, ಆಗಲೇ ಒಂದು ಗೋಲ್ ಬಿಟ್ಟಿದ್ದ. ಒರಟು ಫೌಲ್ ಅಂದರೆ ಅಮಾನತು ಸರಿ. ಆದರೆ ಒರಟು ಫೌಲ್ ಬೇರೆ, ಕೊಂದ ಅನ್ನೋದು ಬೇರೆ. ಆ ಮಾತು ಹೊತ್ತುಕೊಂಡು ಮತ್ತೆ ಅದೇ ಗೋಲ್ ಮುಂದೆ ನಿಂತು, ಎದುರಿಗೆ ಬರುವ ಸ್ಟ್ರೈಕರ್ ಕಾಲಿಗೆ ಮತ್ತೆ ಬೀಳಬೇಕಲ್ಲ, ಹತ್ತೊಂಬತ್ತು ವರ್ಷ ಬಿದ್ದರು ಅವರು. ನನ್ನ ಕೇಳಿದರೆ ಆ ಮನುಷ್ಯ ಎಂಥವರು ಅನ್ನುವುದಕ್ಕೆ ನನಗೆ ಸಿಕ್ಕ ಉತ್ತರ ಅದೇ. ಕೊರಿಯಾ ಪಂದ್ಯಕ್ಕಿಂತ ಇದು ದೊಡ್ಡದು.

ಇನ್ನು ಸಿಸ್ಟರ್ ಬರೆದಿದ್ದು. 2012ರಲ್ಲಿ ಅದೇ ಬೆಂಗಳೂರಿನಲ್ಲಿ ಲೀಗ್ ಪಂದ್ಯ ಆಡುತ್ತಾ ಇನ್ನೊಬ್ಬ ಆಟಗಾರ ಕುಸಿದು ತೀರಿಕೊಂಡ. ಮೈದಾನದಲ್ಲಿ ಆಂಬುಲೆನ್ಸ್ ಇರಲಿಲ್ಲ, ಆಟೋದಲ್ಲಿ ಒಯ್ದರು. ಜೂನಿಯರ್ ಸತ್ತು ಏಳು ವರ್ಷ ಕಳೆದಿತ್ತು ಆಗ. ಅಲ್ಲಿ ಯಾವ ಗೋಲ್‌ಕೀಪರೂ ಇರಲಿಲ್ಲ ಬೈಯ್ಯೋಕೆ. ನಾವೆಲ್ಲ ಒಬ್ಬ ಹುಡುಗನ ಹೆಸರು ಹಿಡಿದುಕೊಂಡು ಮಾತಾಡುತ್ತಾ ಇದ್ದುಬಿಟ್ಟೆವು, ಯಂತ್ರ ಎಲ್ಲಿ, ಡಾಕ್ಟರ್ ಎಲ್ಲಿ ಅಂತ ಕೇಳಲಿಲ್ಲ. ನಾನೂ ಕೇಳಿರಲಿಲ್ಲ. ಮಗ ಜೂನ್‌ನಿಂದ ಹೋಗುತ್ತಿದ್ದಾನೆ, ಆ ಮೈದಾನದಲ್ಲಿ ಏನಿದೆ ಅಂತ ನನಗೇ ಗೊತ್ತಿರಲಿಲ್ಲ.

ಇವತ್ತು ಸಂಜೆ ಹೋಗಿ ಕೇಳಿದೆ. ಒಂದು ಫಸ್ಟ್ ಏಡ್ ಡಬ್ಬಿ ಇದೆ. ಅದರಲ್ಲಿ ಬ್ಯಾಂಡೇಜ್, ಸ್ಪ್ರೇ, ಡೆಟಾಲ್. ಡಬ್ಬಿ ಇರುವ ಕೋಣೆಯ ಕೀಲಿ ವಾಚ್‌ಮನ್ ಹತ್ತಿರ. ಸಿಸ್ಟರ್, ಆ ಯಂತ್ರದ ಬೆಲೆ ಎಷ್ಟಾಗುತ್ತೆ, ಯಾವುದು ತಗೊಂಡರೆ ನಮ್ಮಂಥವರು ಬಳಸಬಹುದು, ಸ್ವಲ್ಪ ತಿಳಿಸಿ. ಮೂವತ್ತು ಮಕ್ಕಳ ಮನೆಯವರು ಇದ್ದೇವೆ, ಸೇರಿ ಹಾಕಬಹುದು.

---

ಬೈನಾ ಡೆಂಪೊ:

ಅಣ್ಣಾ, ಮಗನಿಗೆ ಏನು ಹೇಳಿದಿರಿ ಕೊನೆಗೆ?

---

ನಿಗಡಿ ಗೋಲಿ:

ನಿನ್ನೆ ರಾತ್ರಿ ಹೇಳಿದೆ. ಅವರು ಕೊಂದಿಲ್ಲ, ಚೆಂಡಿಗೆ ಬಂದರು, ಡಿಕ್ಕಿ ಆಯಿತು, ಒಬ್ಬರ ಹೃದಯ ನಿಂತಿತು, ಬೇಗ ಚಿಕಿತ್ಸೆ ಸಿಗಲಿಲ್ಲ ಅಂತ. ಆ ಆಟಗಾರನ ಹೆಸರೇನು ಅಂತ ಕೇಳಿದ. ಅದನ್ನು ಆ ತಂದೆಯೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಹೇಳಿದೆ. ಎರಡೂ ಗೋಲ್ ಅವರದೇ ಅಂತಲೂ ಹೇಳಿದೆ.

ಸುಬ್ರತಾ ಫೋಟೋ ಹಾಗೇ ಇದೆ. ನಿಮ್ಮ ಹತ್ತಿರ ಜೂನಿಯರ್ ಡೆಂಪೊ ಜರ್ಸಿಯಲ್ಲಿ ಇರುವ ಒಳ್ಳೇ ಫೋಟೋ ಇದ್ದರೆ ಕಳಿಸಿ, ಪಕ್ಕದಲ್ಲಿ ಹಚ್ಚುತ್ತಾನಂತೆ.

---

ಬೈನಾ ಡೆಂಪೊ:

ಇದೆ. ಪೇಪರ್‌ನಲ್ಲಿ ಬಂದಿದ್ದನ್ನು ಅಪ್ಪ ಲ್ಯಾಮಿನೇಟ್ ಮಾಡಿಸಿಟ್ಟಿದ್ದರು. ಭಾನುವಾರ ಬೆಳಕಲ್ಲಿ ಫೋಟೋ ತೆಗೆದು ಕಳಿಸುತ್ತೇನೆ. ಯಂತ್ರಕ್ಕೆ ದುಡ್ಡು ಸೇರಿಸುವಾಗ ನನಗೂ ತಿಳಿಸಿ.