ಕುಂಡಿ ಕೆಳಗೆ ‘ಪಟ್’ ಅಂದಿತು, ಎಕ್ಸ್‌ರೇ ಸರಿಯಿದೆ ಅಂದರು. ಮುಂದೇನು ಮಾಡಲಿ?

ಸೊಪ್ಪಿನ ತೋಟ, ಶಿಡ್ಲಘಟ್ಟ ತಾಲ್ಲೂಕು:

ಎಲ್ಲರಿಗೂ ನಮಸ್ಕಾರ. ವಯಸ್ಸು 48, ರೇಷ್ಮೆ ನಮ್ಮ ಕಸುಬು. ಹೋದ ವಾರ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಬರುತ್ತಿದ್ದೆ. ಡ್ರಿಪ್ ಪೈಪ್ ಸೋರಿ ಕೆಸರಾಗಿದ್ದ ಕಡೆ ಬಲಗಾಲು ಸರ್ರನೆ ಮುಂದಕ್ಕೆ ಜಾರಿತು. ಮಂಡಿ ನೆಟ್ಟಗಿತ್ತು, ಹೊರೆ ಸಮೇತ ಮೈ ಮುಂದಕ್ಕೆ ಬಾಗಿತು. ಕುಂಡಿ ಕೆಳಗೆ ಪಟ್ ಅಂದಿದ್ದು ನನಗೇ ಕೇಳಿಸಿತು. ಏಳೋಕೆ ಆಗಲಿಲ್ಲ.

ಎಕ್ಸ್‌ರೇ ತೆಗೆಸಿದೆವು. ಮೂಳೆ ಸರಿಯಿದೆ, ಉಳುಕಿದೆ ಅಷ್ಟೇ ಅಂದರು. ಆಮೇಲೆ ತೊಡೆ ಹಿಂದೆ ಮಂಡಿವರೆಗೂ ರಕ್ತ ಇಳಿದು ಕಪ್ಪಾಯಿತು. ಈಗ ನೋವು ಕಡಿಮೆ, ಕುಂಟಿಕೊಂಡು ಓಡಾಡುತ್ತೇನೆ. ಆದರೆ ಗಟ್ಟಿ ಕುರ್ಚಿಯಲ್ಲಿ ಕೂತರೆ ಆ ಜಾಗ ಚುಚ್ಚುತ್ತದೆ. ಮೆಟ್ಟಿಲು ಹತ್ತುವಾಗ ಕಾಲಲ್ಲಿ ಬಲವೇ ಇಲ್ಲ. ಮನೆಯಲ್ಲಿ ಎಣ್ಣೆ ಹಚ್ಚಿ ಜೋರಾಗಿ ತಿಕ್ಕಿಸಿ ಅಂತಾರೆ. ರೇಷ್ಮೆ ಹುಳು ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದಿದೆ, ಸೊಪ್ಪು ಎಷ್ಟು ಹಾಕಿದರೂ ಸಾಲದು. ಈ ಬೆಳೆ ಮುಗಿಸಿಕೊಂಡು ತೋರಿಸಬಹುದಾ?

ಫಿಸಿಯೋ, ಚಿಕ್ಕಬಳ್ಳಾಪುರ:

ಬೆಳೆ ಮುಗಿಯೋವರೆಗೆ ಕಾಯಬೇಡಿ. ತಿಕ್ಕಿಸಲೂಬೇಡಿ, ಕಾಲು ಚಾಚಿ ಎಳೆಯಲೂಬೇಡಿ. ಈ ವಾರವೇ ಎಂಆರ್‌ಐ ಮಾಡಿಸಿ.

ನೀವು ಹೇಳಿದ ಜಾರಿದ ರೀತಿ ನೋಡಿಯೇ ನನಗೆ ಆತಂಕ. ತೊಡೆ ಹಿಂದಿನ ಹ್ಯಾಮ್‌ಸ್ಟ್ರಿಂಗ್ ಅಂದರೆ ಮೂರು ಸ್ನಾಯು: ಒಳಗಡೆ ಸೆಮಿಟೆಂಡಿನೋಸಸ್, ಸೆಮಿಮೆಂಬ್ರನೋಸಸ್, ಹೊರಗಡೆ ಬೈಸೆಪ್ಸ್ ಫೆಮೊರಿಸ್. ಮೂರೂ ಹುಟ್ಟುವುದು ನಾವು ಕೂರುವಾಗ ಕೆಳಗೆ ಒತ್ತುವ ಮೂಳೆಯಿಂದ. ಅಲ್ಲಿಂದ ಸೊಂಟದ ಕೀಲು, ಮಂಡಿ ಎರಡನ್ನೂ ದಾಟಿ ಕೆಳಗಿನ ಕಾಲಿಗೆ ಅಂಟಿಕೊಳ್ಳುತ್ತವೆ. ಸೊಂಟ ಬಾಗಿ ಮಂಡಿ ನೆಟ್ಟಗಾದರೆ ಎರಡೂ ತುದಿಯಿಂದ ಎಳೆತ ಬೀಳುತ್ತದೆ. ಅದೇ ಹೊತ್ತಿಗೆ ಕಾಲು ಜಾರಿದರೆ, ಗೂಟದಿಂದ ಹಗ್ಗ ಕಿತ್ತು ಬಂದ ಹಾಗೆ ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟಿರುವ ನಾರು, ಮೂಳೆ ಬಿಟ್ಟು ಬರಬಹುದು. ಎಕ್ಸ್‌ರೇಯಲ್ಲಿ ಟೆಂಡನ್ ಕಾಣುವುದಿಲ್ಲ. ಹದಿಹರೆಯದ ಮಕ್ಕಳಲ್ಲಾದರೆ ಮೂಳೆಯ ಚೂರೇ ಕಿತ್ತು ಬರುವುದುಂಟು, ಆಗ ಕಾಣುತ್ತದೆ. ನಿಮ್ಮ ವಯಸ್ಸಿನಲ್ಲಿ ಸಾಮಾನ್ಯವಾಗಿ ಮೂಳೆ ಹಾಗೇ ಇರುತ್ತದೆ.

ಇನ್ನೊಂದು ಮಾತು. ‘ಮಂಡಿ ಮಡಚೋಕೆ ಬರುತ್ತೆ, ಹರಿದಿರೋಲ್ಲ’ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬೈಸೆಪ್ಸ್‌ಗೆ ಎರಡು ತಲೆ ಇದೆ. ಚಿಕ್ಕ ತಲೆ ತೊಡೆಮೂಳೆಯಿಂದಲೇ ಹೊರಡುತ್ತದೆ. ಮೇಲೆ ಎಲ್ಲ ಕಿತ್ತು ಬಂದರೂ ಅದು ಮಂಡಿ ಮಡಚಿಸುತ್ತದೆ, ಮೀನಖಂಡವೂ ಕೈಜೋಡಿಸುತ್ತದೆ.

ಆಪರೇಷನ್ ಎಲ್ಲರಿಗೂ ಬೇಕಿಲ್ಲ. ಸ್ನಾಯುವಿನ ನಡುವೆ ಹರಿದಿದ್ದರೆ ವ್ಯಾಯಾಮದಲ್ಲೇ ವಾಸಿಯಾಗುತ್ತದೆ. ಎರಡು ಅಥವಾ ಮೂರು ಟೆಂಡನ್ ಮೂಳೆಯಿಂದ ಕಿತ್ತು ಬಂದು 2 ಸೆಂ.ಮೀ.ಗಿಂತ ಜಾಸ್ತಿ ಕೆಳಗೆ ಸರಿದಿದ್ದರೆ ಸರ್ಜನ್‌ಗಳು ಹೊಲಿಯುವ ಮಾತಾಡುತ್ತಾರೆ. ಅದರಲ್ಲೂ ಒಂದೇ ಅಭಿಪ್ರಾಯ ಇಲ್ಲ. ಸ್ವೀಡನ್, ನಾರ್ವೆಯಲ್ಲಿ 30ರಿಂದ 70 ವಯಸ್ಸಿನವರ ಮೇಲೆ ನಡೆದ ಒಂದು ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಎರಡು ವರ್ಷ ಆದ ಮೇಲೆ ಆಪರೇಷನ್ ಆದವರಿಗೂ ಬರೀ ವ್ಯಾಯಾಮ ಮಾಡಿದವರಿಗೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಹಾಗಂತ ಸುಮ್ನೆ ಕೂರುವ ಹಾಗಿಲ್ಲ. ಮೊದಲ ಕೆಲವು ವಾರದಲ್ಲಿ ಹೊಲಿಯುವುದು ಸುಲಭ. ತಡವಾದರೆ ಟೆಂಡನ್ ಕುಗ್ಗುತ್ತದೆ, ಪಕ್ಕದಲ್ಲೇ ಇಳಿಯುವ ಸಯಾಟಿಕ್ ನರಕ್ಕೆ ಗಾಯದ ಕಲೆ ಅಂಟಿಕೊಳ್ಳುತ್ತದೆ. ಯಾವ ದಾರಿ ಅಂತ ನೀವೇ ಆರಿಸಿಕೊಳ್ಳಬೇಕು ಅಂದರೆ ಈಗಲೇ ತೋರಿಸಬೇಕು, ಅಲ್ವಾ?

ಪಾದ ಎತ್ತೋಕೆ ಆಗದಿದ್ದರೆ, ಮರಗಟ್ಟಿದರೆ ಇವತ್ತೇ ಹೋಗಿ.

ಕಬಡ್ಡಿ ರೈಡರ್, ತುಮಕೂರು:

ಅಣ್ಣಾ, ನಾನು ಆಪರೇಷನ್ ಮಾಡಿಸಿಕೊಂಡವನು. ಬೋನಸ್ ಗೆರೆಗೆ ಕಾಲು ಚಾಚಿದಾಗ ಹಿಂದಿನ ಕಾಲು ಜಾರಿ ಹೀಗೇ ಆಗಿತ್ತು. ಮೂರೂ ಬಿಟ್ಟಿದ್ದವು.

ಬೋರಲು ಮಲಗಿಸಿ, ಕುಂಡಿ ಕೆಳಗಿನ ಮಡಿಕೆಯಲ್ಲಿ ಕುಯ್ದು, ನರ ಪಕ್ಕಕ್ಕಿಟ್ಟು, ಮೂಳೆಗೆ ಆ್ಯಂಕರ್ ಅನ್ನೋ ಸಣ್ಣ ಮೊಳೆ ಕೂರಿಸಿ ಅದರ ದಾರದಿಂದ ಟೆಂಡನ್ ಬಿಗಿದರು. ಆಪರೇಷನ್‌ಗಿಂತ ಆಮೇಲಿನ ಆರು ವಾರ ಕಷ್ಟ. ಎರಡು ಊರುಗೋಲು. ಹೊಲಿಗೆಗೆ ಎಳೆತ ಬೀಳದಿರಲಿ ಅಂತ ಮಂಡಿ ಮಡಚಿದ ಹಾಗೆ ಬ್ರೇಸ್. ಬಗ್ಗಿ ಚಪ್ಪಲಿ ಹಾಕೋ ಹಾಗಿಲ್ಲ. ಮನೆಯಲ್ಲಿ ಕುಕ್ಕರಗಾಲಲ್ಲಿ ಕೂರುವ ಕಕ್ಕಸು ಮಾತ್ರ ಇದ್ದರೆ ಮೊದಲೇ ಕಮೋಡ್ ಕುರ್ಚಿ ತಂದಿಡಿ. ಬೆಂಗಳೂರಿಂದ ತುಮಕೂರಿಗೆ ಕಾರಿನ ಹಿಂದಿನ ಸೀಟಲ್ಲಿ ಮಗ್ಗುಲಾಗಿ ಮಲಗಿಕೊಂಡೇ ಬಂದೆ. ರಕ್ತ ಹೆಪ್ಪುಗಟ್ಟದಂತೆ ಔಷಧಿ ಕೊಟ್ಟಿದ್ದರು, ಅದನ್ನು ತಪ್ಪಿಸಬೇಡಿ.

ನಾಲ್ಕು ತಿಂಗಳಿಗೆ ಮೆಲ್ಲಗೆ ಓಟ ಶುರು. ಅಂಕಣಕ್ಕೆ ಇಳಿದಿದ್ದು ಒಂಬತ್ತನೇ ತಿಂಗಳು. ಈಗ ಆಡುತ್ತೇನೆ. ಬಹಳ ಹೊತ್ತು ಬೈಕ್ ಓಡಿಸಿದರೆ ಮಾತ್ರ ಆ ಜಾಗ ಹಿಡಿಯುತ್ತದೆ.

ಸೊಪ್ಪಿನ ತೋಟ, ಶಿಡ್ಲಘಟ್ಟ ತಾಲ್ಲೂಕು:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಎಂಆರ್‌ಐ ಆಯಿತು. ಬೈಸೆಪ್ಸ್‌ನ ಉದ್ದ ತಲೆ, ಸೆಮಿಟೆಂಡಿನೋಸಸ್ ಎರಡೂ ಬಿಟ್ಟಿವೆ, 3 ಸೆಂ.ಮೀ. ಸರಿದಿವೆ. ಇನ್ನೊಂದು ಹಿಡಿದುಕೊಂಡಿದೆ. ಬುಧವಾರ ಸರ್ಜನ್ ನೋಡುತ್ತಾರೆ. ಹುಳುವಿಗೆ ಸೊಪ್ಪು ಹಾಕೋಕೆ ಭಾಮೈದ ಬಂದಿದ್ದಾನೆ. ಮುಂದಿನ ಬೆಳೆಗೆ ಚಾಕಿ (ಎಳೆ ಹುಳು) ಬೇಕು ಅಂತ ಹೇಳಲಾ?

ಫಿಸಿಯೋ, ಚಿಕ್ಕಬಳ್ಳಾಪುರ:

ಆ ಎರಡಕ್ಕೂ ಬುಡದಲ್ಲಿ ಒಂದೇ ಟೆಂಡನ್, ಅದಕ್ಕೇ ಜೊತೆಯಲ್ಲಿ ಬಿಟ್ಟಿವೆ. ಮೂರನೆಯದು ಹಿಡಿದಿರುವುದು ಒಳ್ಳೆಯ ಸುದ್ದಿ. ಸರ್ಜನ್ ಹತ್ತಿರ ನಿಮ್ಮ ಕೆಲಸ ಬಿಡಿಸಿ ಹೇಳಿ: ಬಗ್ಗಿ ಸೊಪ್ಪು ಕೊಯ್ಯುವುದು, ಹೊರೆ ಹೊರುವುದು, ಕೆಸರಲ್ಲಿ ನಡೆಯುವುದು. ಹೊಲಿದರೆ ಏನು ಸಿಗುತ್ತದೆ, ಹೊಲಿಯದಿದ್ದರೆ ಎಷ್ಟು ಬಲ ಕಡಿಮೆಯಾಗಬಹುದು, ಎರಡನ್ನೂ ಕೇಳಿ. ನಿಮಗೆ ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ಹೇಳಿಬಿಡಿ.

ಚಾಕಿ ಹೇಳಬೇಡಿ. ಯಾವ ದಾರಿ ಹಿಡಿದರೂ ಮೂರು ತಿಂಗಳು ಹೊರೆ ಹೊರುವ ಹಾಗಿಲ್ಲ. ಭಾಮೈದ ಪೂರ್ತಿ ನಿಂತು ನೋಡಿಕೊಳ್ಳುತ್ತಾನೆ ಅಂದರೆ ಮಾತ್ರ ಅರ್ಧ ಬೆಳೆ ಇಡಿ.