ರಷ್ 1976, ಮ್ಯಾಸಿ ಹಾಲ್: ಒರಟುತನ ಟೇಪಿನದೋ, ಸೂಜಿಯದೋ?

ಎಡಸ್ಪೀಕರ್:
ಕೆನಡಾದ ಮೂವರ ರಾಕ್ ತಂಡ ರಷ್‌ನ ಲೈವ್ ಆಲ್ಬಂ ‘ಆಲ್ ದ ವರ್ಲ್ಡ್ಸ್ ಎ ಸ್ಟೇಜ್’ ಅಂದ ಕೂಡಲೇ ‘ಆಹಾ, ಹಸಿ ಲೈವ್!’ ಅನ್ನೋದು ಒಂದು ಮಂತ್ರ ಆಗಿಬಿಟ್ಟಿದೆ. 1976ರ ಜೂನ್ 11, 12, 13, ಟೊರಾಂಟೊದ ಮ್ಯಾಸಿ ಹಾಲ್, ತವರೂರಲ್ಲಿ ಮೂರು ರಾತ್ರಿ, ಎಲ್ಲ ಒಪ್ಪಿದೆ. ಆದರೆ ಸಿಂಬಲ್ (ಡ್ರಮ್ಸ್ ಜೊತೆಗಿನ ಲೋಹದ ತಾಳ) ಕಿವಿ ಗೀರುತ್ತೆ, ಬಾಸ್ ಗಿಟಾರ್ ಗೊರಗೊರ ಅನ್ನುತ್ತೆ, ಗಿಟಾರಿನ ಲೈಫ್ಸನ್ ಸೋಲೊ ಹಿಡಿದ ತಕ್ಷಣ ಹಾಡಿನ ನಡು ಟೊಳ್ಳಾಗುತ್ತೆ. ಅವರದೇ 1981ರ ಲೈವ್ ಆಲ್ಬಂ ‘ಎಕ್ಸಿಟ್... ಸ್ಟೇಜ್ ಲೆಫ್ಟ್’ ಪಕ್ಕದಲ್ಲಿಟ್ಟು ಕೇಳಿ. ಎರಡರಲ್ಲೂ ನಿರ್ಮಾಪಕರಾಗಿ ಟೆರಿ ಬ್ರೌನ್ ಇದ್ದಾರೆ. ಐದು ವರ್ಷದಲ್ಲಿ ಎಷ್ಟು ಕಲಿತರು ಅಂತ ಗೊತ್ತಾಗುತ್ತೆ. ದೋಷವನ್ನ ದೋಷ ಅನ್ನೋಕೆ ಯಾಕೆ ಹಿಂಜರಿಕೆ?

ಮಂದ್ರಸಪ್ತಕ:
ಮೂರು ದೂರನ್ನು ಒಂದೇ ಗಂಟಿಗೆ ಕಟ್ಟಿದ್ದೀರಿ, ಬಿಚ್ಚೋಣ. ಮೊದಲು ಆ ಟೊಳ್ಳು. ಸ್ಟುಡಿಯೋದಲ್ಲಿ ಗಿಟಾರ್ ಸೋಲೊ ಕೆಳಗೆ ಇನ್ನೊಂದು ರಿದಮ್ ಗಿಟಾರ್ ಹಾಕಬಹುದು. ವೇದಿಕೆಯಲ್ಲಿ ಇರುವುದು ಒಂದೇ ಗಿಟಾರ್. ಅದು ಮೇಲಕ್ಕೆ ಹೋದರೆ ಕೆಳಗೆ ಉಳಿಯುವುದು ಬಾಸ್ ಮತ್ತು ಡ್ರಮ್ಸ್ ಮಾತ್ರ. ಆ ಜಾಗ ತುಂಬಲೆಂದೇ ಬಾಸ್ ನುಡಿಸುತ್ತಾ ಹಾಡುವ ಗೆಡ್ಡಿ ಲೀ ತಮ್ಮ ಬಾಸ್ ಗಿಟಾರ್ ರಿಕನ್‌ಬ್ಯಾಕರ್ 4001ರ ಟ್ರೆಬಲ್ ಏರಿಸಿ, ಆಂಪ್ಲಿಫೈಯರ್ ಸ್ವಲ್ಪ ಒಡೆಯುವಷ್ಟು ಜೋರಾಗಿ ನುಡಿಸುವುದು. ನೀವು ಗೊರಗೊರ ಅನ್ನುತ್ತಿರುವುದು ಆ ಒಡಕಿನಿಂದ ಹುಟ್ಟುವ ಮೇಲಿನ ಸ್ವರಾಂಶಗಳು. ರಿದಮ್ ಗಿಟಾರಿನ ಕೆಲಸವನ್ನು ಅವೇ ಮಾಡುತ್ತಿವೆ. ಬಾಸನ್ನು ನುಣ್ಣಗೆ ಮಾಡಿದರೆ ಟೊಳ್ಳು ಇನ್ನೂ ದೊಡ್ಡದಾಗುತ್ತದೆ. ‘ವರ್ಕಿಂಗ್ ಮ್ಯಾನ್’ ಸೋಲೊದಲ್ಲಿ ಗಿಟಾರ್ ಬಿಟ್ಟು ಬಾಸನ್ನೇ ಹಿಂಬಾಲಿಸಿ: ಬರೀ ಮೂಲಸ್ವರ ಹಿಡಿದು ಕೂತಿಲ್ಲ, ಓಡಾಡುತ್ತಿದೆ.

1981ರ ಹೋಲಿಕೆಯೂ ನ್ಯಾಯವಲ್ಲ. ಅಷ್ಟೊತ್ತಿಗೆ ಕಾಲಡಿಯಲ್ಲಿ ಮೂಗ್ ಟಾರಸ್ ಪೆಡಲ್, ಪಕ್ಕದಲ್ಲಿ ಸಿಂಥಸೈಜರ್ ಬಂದಿತ್ತು. ಪಾದದಿಂದ ಒಂದು ಸ್ವರ ಒತ್ತಿಟ್ಟರೆ ತಳ ಭದ್ರ. ಎಕ್ಸಿಟ್‌ನಲ್ಲಿ ಕೇಳುವ ತುಂಬು ನಾದದಲ್ಲಿ ಮಿಕ್ಸಿಂಗ್ ಪಾಠದಷ್ಟೇ ಪಾಲು ಈ ಪೆಡಲ್ಲಿನದು.

ಎಡಸ್ಪೀಕರ್:
ಬಾಸ್ ವಿಷಯ ಒಪ್ಪಿದೆ. ಸಿಂಬಲ್? ಅದಕ್ಕೂ ಸಂಗೀತಶಾಸ್ತ್ರದ ಸಮರ್ಥನೆ ಇದೆಯಾ?

ಕಿವಿಗೊಡು:
ಸಂಗೀತಶಾಸ್ತ್ರ ಬೇಡ, ಮೈಕ್ ಇಟ್ಟ ಜಾಗ ನೋಡಿದರೆ ಸಾಕು. ಹಾಡುವ ಮೈಕ್ ಯಾವಾಗಲೂ ತೆರೆದೇ ಇರುತ್ತೆ, ಅದರ ಹಿಂದೆ ಪೂರ್ತಿ ಡ್ರಮ್ ಸೆಟ್. ಗಾಯಕನಿಂದ ಡ್ರಮ್ಸ್ 3 ಮೀಟರ್ ದೂರ ಅಂತಿಟ್ಟುಕೊಳ್ಳಿ. ಸ್ನೇರ್ ಡ್ರಮ್ಮಿನ ಸದ್ದು ತನ್ನ ಮೈಕಿಗೆ ತಕ್ಷಣ ಮುಟ್ಟುತ್ತೆ, ಹಾಡುವ ಮೈಕಿಗೆ ಸುಮಾರು 9 ಮಿಲಿಸೆಕೆಂಡ್ ತಡವಾಗಿ. ಎರಡೂ ಒಂದೇ ಚಾನಲ್ಲಲ್ಲಿ ಸಮ ಜೋರಲ್ಲಿ ಕೂಡಿದರೆ 57, 172, 287 ಹರ್ಟ್ಸ್... ಹೀಗೆ ಬಾಚಣಿಗೆ ಹಲ್ಲಿನ ಹಾಗೆ ಒಂದೊಂದು ಕಡೆ ಸದ್ದು ಕತ್ತರಿಸಿ ಹೋಗುತ್ತೆ. ಸೋರಿಕೆ ಅಷ್ಟು ಜೋರಾಗಿ ಇರಲ್ಲ, ಅದಕ್ಕೇ ಪೂರ್ತಿ ಕತ್ತರಿಸದೆ ಬರೀ ತೆಳ್ಳಗಾಗುತ್ತೆ. ಸ್ನೇರ್ ಡಬ್ಬ ತಟ್ಟಿದ ಹಾಗೆ ಕೇಳೋದು ಇದರಿಂದ.

ಇನ್ನು ಧ್ವನಿ. 1976ರ ಗೆಡ್ಡಿ ಲೀ ಕಂಠ ಎಷ್ಟು ಮೇಲೆ ಅಂತ ಗೊತ್ತಲ್ಲ. ಆ ಕಂಠದ ಹರಿತ ಇರೋದು 2ರಿಂದ 5 ಕಿಲೋಹರ್ಟ್ಸ್ ನಡುವೆ, ಸಿಂಬಲ್ಲಿನ ಗೀರು ಕೂಡ ಅಲ್ಲೇ. ಕಂಠ ಏರಿಸಿದರೆ ಅದೇ ಮೈಕಿನಿಂದ ಸಿಂಬಲ್ ಕೂಡ ಏರುತ್ತೆ. ಮನೇಲಿ ಈಕ್ವಲೈಜರ್ ಹಾಕಿ 4 ಕಿಲೋಹರ್ಟ್ಸ್ ಹತ್ತಿರ 3 ಡಿಬಿ (ಡೆಸಿಬೆಲ್) ಇಳಿಸಿ ನೋಡಿ: ಗೀರು ಹೋಗುತ್ತೆ, ಮಾತಿನ ವ್ಯಂಜನಗಳೂ ಹೋಗುತ್ತವೆ. ಇಳಿಸಲೇಬೇಕು ಅಂದರೆ 250 ಹರ್ಟ್ಸ್ ಸುತ್ತ 2 ಡಿಬಿ ಇಳಿಸಿ. ಸಭಾಂಗಣದ ಮೊಳಗು ಕಡಿಮೆಯಾಗುತ್ತೆ, ಬೇರೆ ಹೆಚ್ಚೇನೂ ಕೆಡಲ್ಲ.

ಎಡಸ್ಪೀಕರ್:
ಇದು 1976ರ ಸಮಸ್ಯೆ. ಈಗ ವಾದ್ಯ ಬೇರ್ಪಡಿಸೋ ಸಾಫ್ಟ್‌ವೇರ್ ಇದೆ. ಕಂಠ, ಡ್ರಮ್ಸ್, ಬಾಸ್, ಗಿಟಾರ್ ನಾಲ್ಕು ಮಾಡಿ, ಒರೆಸಿ, ಮತ್ತೆ ಕೂಡಿಸಿದರೆ ಆಯ್ತಲ್ಲ.

ಕಿವಿಗೊಡು:
ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಸ್ಟುಡಿಯೋ ಹಾಡಿಗೆ ಆ ಸಾಫ್ಟ್‌ವೇರ್ ಚೆನ್ನಾಗಿ ಒಗ್ಗುತ್ತೆ. ಲೈವ್ ಟೇಪಲ್ಲಿ ಚಪ್ಪಾಳೆ ಯಾರದು? ಅರ್ಧ ಡ್ರಮ್ಸ್ ಪಾಲಿಗೆ, ಅರ್ಧ ಕಂಠದ ಪಾಲಿಗೆ ಹೋಗುತ್ತೆ. ಜನ ಕೂಗಿದ್ದನ್ನ ಹಾಡು ಅಂದುಕೊಳ್ಳುತ್ತೆ. ಕ್ರ್ಯಾಶ್ ಸಿಂಬಲ್ಲಿನ ಬಾಲ ನೀರಲ್ಲಿ ಗುಳುಗುಳು ಅಂದ ಹಾಗಾಗುತ್ತೆ. ಟ್ರೆಬಲ್ ಏರಿಸಿದ ರಿಕನ್‌ಬ್ಯಾಕರಿನ ಮೇಲ್ಭಾಗವನ್ನ ಗಿಟಾರ್ ಅಂತ ಅತ್ತ ತಳ್ಳುತ್ತೆ, ಕೆಳಭಾಗವನ್ನ ಮಾತ್ರ ಬಾಸ್ ಅನ್ನುತ್ತೆ. ನಾಲ್ಕನ್ನೂ ಮುಟ್ಟದೆ ಕೂಡಿಸಿದರೆ ಏನೂ ಗೊತ್ತಾಗಲ್ಲ. ಒಂದನ್ನ ಜಾಸ್ತಿ ಅಲುಗಾಡಿಸಿದಿರೋ, ಹೊಲಿಗೆ ಬಿಚ್ಚಿಕೊಳ್ಳುತ್ತೆ.

ಮಂದ್ರಸಪ್ತಕ:
ಮೂವರ ತಂಡ ಅಂದರೆ ಎಲ್ಲಕ್ಕೂ ಇದೇ ಟೊಳ್ಳು ಅಂತಲೂ ಅಲ್ಲ. ಎಮರ್ಸನ್, ಲೇಕ್ ಅಂಡ್ ಪಾಮರ್‌ನ ‘ಪಿಕ್ಚರ್ಸ್ ಅಟ್ ಆನ್ ಎಕ್ಸಿಬಿಷನ್’ ನ್ಯೂಕಾಸಲ್ ಸಿಟಿ ಹಾಲಿನಲ್ಲಿ 1971ರ ಮಾರ್ಚ್ 26ರಂದು ಧ್ವನಿಮುದ್ರಣವಾದದ್ದು, ಅಲ್ಲಿಯೂ ಮೂವರೇ. ಕೀಬೋರ್ಡಿನ ಎಡಗೈ ನಡುಭಾಗವನ್ನು ಹಿಡಿದಿರುತ್ತದೆ, ಬಲಗೈ ಎಲ್ಲಿ ಬೇಕಾದರೂ ಹಾರಬಹುದು. ಗಿಟಾರಿಗೆ ಆ ಎರಡನೇ ಕೈ ಇಲ್ಲ.

ಸೂಜಿಮೊನೆ:
ತಡವಾಗಿ ಬಂದೆ. ಎಡಸ್ಪೀಕರ್, ಗೀರು ಯಾವ ಹಾಡಲ್ಲಿ? ಕೇಳ್ತಿರೋದು ಎಲ್‌ಪಿನಾ ಸಿಡಿನಾ? ಅದು ಹೇಳದೆ ಇಷ್ಟುದ್ದ ವಾದ ನಡೆದಿದೆ.

ಎಲ್‌ಪಿ ತಟ್ಟೆ ನಿಮಿಷಕ್ಕೆ 33⅓ ಸುತ್ತು, ಒಂದು ಸುತ್ತಿಗೆ 1.8 ಸೆಕೆಂಡ್. ಹೊರ ಅಂಚಲ್ಲಿ ಸೂಜಿ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಗೀರುಗಾಲುವೆ ಹಾಯುತ್ತೆ, ಒಳ ಅಂಚಿಗೆ ಬರೋ ಹೊತ್ತಿಗೆ ಸುಮಾರು 21. ಅದೇ ಸಿಂಬಲ್ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಮುದುರಿ ಕೂರಬೇಕು. ದುಂಡು ಮೊನೆಯ ಸೂಜಿ ಆ ಸಣ್ಣ ತಿರುವು ಹೊಗಲ್ಲ, ‘ಸ್’ ಅನ್ನೋದು ‘ಷ್’ ಆಗುತ್ತೆ. ಈ ಆಲ್ಬಂನ ನಾಲ್ಕು ಬದಿ 18:58, 20:49, 19:10, 20:35. ನಾಲ್ಕನೇ ಬದಿಯ ಕೊನೆಗೆ, ಲೇಬಲ್ಲಿಗೆ ಅಂಟಿಕೊಂಡ ಹಾಗೆ, ಜೋರು ಹಾಡು ‘ವಾಟ್ ಯು ಆರ್ ಡೂಯಿಂಗ್’.

ಹಾಗಾಗಿ ಹೀಗೆ ಪರೀಕ್ಷೆ ಮಾಡಿ. ಮೊದಲನೇ ಬದಿಯ ಮೊದಲ ಹಾಡು ‘ಬಾಸ್ಟೀಲ್ ಡೇ’ ಹಾಕಿ, ಆಮೇಲೆ ಈ ಕೊನೇ ಹಾಡು. ಎರಡರಲ್ಲೂ ಅಷ್ಟೇ ಗೀರಿದರೆ ಅದು ಟೇಪಿನದು, ಕೈಮುಗಿದು ಬಿಡಿ. ಕೊನೇದರಲ್ಲಿ ಮಾತ್ರ ಹೆಚ್ಚಿದ್ದರೆ ಸೂಜಿಯದು: ಮೊನೆ ದುಂಡಗಿರಬಹುದು, ಇಲ್ಲ ಕಾರ್ಟ್ರಿಜ್ (ಸೂಜಿ ಹಿಡಿದಿರೋ ಭಾಗ) ಕೂರಿಸಿದ್ದು ಸರಿಯಿಲ್ಲದಿರಬಹುದು. ಅಳತೆಪಟ್ಟಿ ಇಟ್ಟು, ತಟ್ಟೆಯ ಕೇಂದ್ರದಿಂದ 66 ಮತ್ತು 120.9 ಮಿಲಿಮೀಟರ್ ಬಿಂದುಗಳಲ್ಲಿ ಕಾರ್ಟ್ರಿಜ್ ಗೀರುಗಾಲುವೆಗೆ ನೇರ ಇದೆಯಾ ನೋಡಿ. ಸೂಜಿಯ ಭಾರ ತಯಾರಕರು ಕೊಟ್ಟ ಮಿತಿಯ ಮೇಲ್ತುದಿಗೆ ಇಡಿ. ತೂಕ ಕಡಿಮೆ ಇಟ್ಟರೆ ತಟ್ಟೆ ಸವೆಯಲ್ಲ ಅನ್ನೋದು ತಪ್ಪು: ಹಗುರ ಸೂಜಿ ಗೋಡೆಯಿಂದ ಗೋಡೆಗೆ ಬಡಿದು ಹೆಚ್ಚು ಕೆಡಿಸುತ್ತೆ.

ಎಡಸ್ಪೀಕರ್:
ಸಿಡಿ. ಹಳೇದು. ಅದರಲ್ಲಿ ‘ವಾಟ್ ಯು ಆರ್ ಡೂಯಿಂಗ್’ ಇಲ್ವೇ ಇಲ್ಲ.

ಸೂಜಿಮೊನೆ:
ಹಹ್ಹಾ, ಸರಿ. ಪೂರ್ತಿ ಆಲ್ಬಂ 79:32, ಆಗಿನ ಸಿಡಿ ಮಿತಿ 74 ನಿಮಿಷ. 5:39ರ ಆ ಹಾಡು ಕಿತ್ತರೆ 73:53. ಕೂದಲೆಳೆಯಲ್ಲಿ ತುರುಕಿದ್ದಾರೆ. 1997ರ ರೀಮಾಸ್ಟರಲ್ಲಿ (ಅದೇ ಧ್ವನಿಮುದ್ರಣವನ್ನ ಮತ್ತೆ ಹದಮಾಡಿ ತಂದ ಸಿಡಿ) ವಾಪಸ್ ಬಂತು. ನಿಮ್ಮ ಗೀರಿಗೆ ಸೂಜಿ ಕಾರಣ ಅಲ್ಲ, ಒಪ್ಪಿದೆ.

ಕಿವಿಗೊಡು:
ರೀಮಾಸ್ಟರ್ ತಂದು ಹೋಲಿಸೋದಾದರೆ ಮೊದಲು ವಾಲ್ಯೂಮ್ ಸಮ ಮಾಡಿ, ವ್ಯತ್ಯಾಸ ಅರ್ಧ ಡಿಬಿ ಒಳಗಿರಲಿ. ಇಲ್ಲದಿದ್ದರೆ ಜೋರಾಗಿರೋದೇ ಚೆಂದ ಅನ್ನಿಸುತ್ತೆ. ಒಂದು ಡ್ರಮ್ ಪೆಟ್ಟು ಹಿಡಿದು ತರಂಗಚಿತ್ರ ನೋಡಿ: ತಲೆ ಚೂಪಾಗಿದ್ದರೆ ಸರಿ, ಗರಗಸದಲ್ಲಿ ಕೊಯ್ದ ಹಾಗೆ ಚಪ್ಪಟೆ ಇದ್ದರೆ ಗೀರು ಇನ್ನೂ ಹೆಚ್ಚುತ್ತೆ.

ಎಡಸ್ಪೀಕರ್:
ಸೂಜಿ ಅಲ್ಲ ಅಂದಮೇಲೆ ಟೇಪೇ ಗೀರುತ್ತೆ ಅಂತಾಯ್ತು. ಅಂದರೆ ನಾನು ಮೊದಲು ಹೇಳಿದ್ದೇ.

ಮಂದ್ರಸಪ್ತಕ:
ಮೂರರಲ್ಲಿ ಒಂದು ನಿಮ್ಮದು, ತಗೊಳ್ಳಿ. ಬಾಸ್ ಮತ್ತು ಟೊಳ್ಳು ಮಾತ್ರ ಕೊಡುವುದಿಲ್ಲ. ರೀಮಾಸ್ಟರ್ ತಂದರೆ ಕೊನೆಯ ಚಪ್ಪಾಳೆ ಇಳಿದ ಮೇಲೂ ನಿಲ್ಲಿಸಬೇಡಿ. ತಂಡ ವೇದಿಕೆಯ ಹಿಂದೆ ಹೋಗಿ ಬಾಗಿಲು ಮುಚ್ಚುವ ಸದ್ದಿದೆ. ಹಳೇ ಸಿಡಿಯಲ್ಲಿ ಹಾಡಿನ ಜೊತೆ ಅದೂ ಹೋಗಿರಬೇಕು.