ಪದಚರ್ಚೆ: ಟಿವಿ ‘ಸಿಂಡಿಕೇಶನ್’ಗೆ ಏನನ್ನೋಣ? (ಸಹಪ್ರಸಾರ ಅಂತೂ ಅಲ್ಲ)

ಗೆಳೆಯರೇ, ನಮಸ್ಕಾರ.

ಅಮೆರಿಕದ ಟಿವಿ ಗೇಮ್ ಶೋಗಳ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೊದಲ ಪುಟದಲ್ಲೇ ಗಾಡಿ ನಿಂತಿತು. ಅಡ್ಡ ಬಂದ ಪದ ‘ಸಿಂಡಿಕೇಶನ್’. ಮೂರು ದಿನ ತಲೆ ಕೆರೆದುಕೊಂಡು ಈಗ ನಿಮ್ಮ ಮುಂದೆ ಇಡುತ್ತಿದ್ದೇನೆ.

ಸಿಂಡಿಕೇಟ್ ಅನ್ನುವ ಪದ ನಮಗೇನೂ ಹೊಸದಲ್ಲ. ಉಡುಪಿಯಲ್ಲಿ 1925ರಲ್ಲಿ ಶುರುವಾಗಿ 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋದ ಸಿಂಡಿಕೇಟ್ ಬ್ಯಾಂಕ್ ಎಲ್ಲರಿಗೂ ಗೊತ್ತು. ವಿಶ್ವವಿದ್ಯಾಲಯಗಳಲ್ಲಿ ಸಿಂಡಿಕೇಟ್ ಸಭೆ ಇವತ್ತಿಗೂ ನಡೆಯುತ್ತದೆ. ಸ್ವಲ್ಪ ವಯಸ್ಸಾದವರಿಗೆ 1969ರ ಕಾಂಗ್ರೆಸ್ ಒಡಕು ನೆನಪಿರುತ್ತದೆ. ನಿಜಲಿಂಗಪ್ಪನವರ ಕಡೆಯದು ಸಿಂಡಿಕೇಟ್, ಇಂದಿರಾ ಗಾಂಧಿ ಕಡೆಯದು ಇಂಡಿಕೇಟ್. ಮೂರು ಕಡೆಯೂ ಅರ್ಥ ಒಂದೇ, ನಾಲ್ಕು ಜನ ಸೇರಿದ ಕೂಟ. ಹಾಗಾಗಿ ‘ಸಿಂಡಿಕೇಟೆಡ್ ಗೇಮ್ ಶೋ’ ಅಂತ ಬರೆದರೆ ಕನ್ನಡದ ಓದುಗರು ಯಾರೋ ನಾಲ್ಕು ಜನ ದುಡ್ಡು ಹಾಕಿ ಮಾಡಿದ ಶೋ ಅಂದುಕೊಳ್ಳುತ್ತಾರೆ. ನನ್ನ ಹೆಂಡತಿಗೆ ಓದಿ ಹೇಳಿದಾಗ ಅವಳು ಹಾಗೇ ಅಂದುಕೊಂಡಳು.

ಸಂಗತಿ ಅದಲ್ಲ. ಅಮೆರಿಕದಲ್ಲಿ ಎನ್‌ಬಿಸಿ, ಸಿಬಿಎಸ್, ಎಬಿಸಿ ಅನ್ನುವ ದೊಡ್ಡ ನೆಟ್‌ವರ್ಕ್‌ಗಳಿವೆ. ಆದರೆ ಊರೂರಿನ ಟಿವಿ ಕೇಂದ್ರಗಳಲ್ಲಿ ಹೆಚ್ಚಿನವು ಅವುಗಳ ಸ್ವತ್ತಲ್ಲ. ಅವಕ್ಕೆ ಬೇರೆ ಬೇರೆ ಮಾಲೀಕರು. ಟಿವಿ ನೋಡುಗರ ಲೆಕ್ಕ ಇಡುವ ನೀಲ್ಸನ್ ಕಂಪನಿ ಇಡೀ ದೇಶವನ್ನು ಸುಮಾರು 210 ಟಿವಿ ಮಾರುಕಟ್ಟೆಗಳಾಗಿ ಲೆಕ್ಕ ಹಾಕುತ್ತದೆ. ನೆಟ್‌ವರ್ಕ್ ಕಳಿಸಿದ ಕಾರ್ಯಕ್ರಮವನ್ನು ಅದರ ಜೊತೆ ಒಪ್ಪಂದ ಮಾಡಿಕೊಂಡ ಕೇಂದ್ರಗಳೆಲ್ಲ ಒಟ್ಟಿಗೆ ಹಾಕುತ್ತವೆ. ಇದಕ್ಕೆ ನಮ್ಮಲ್ಲಿ ಒಳ್ಳೆಯ ಪದ ಇದೆ. ‘ರಾಜ್ಯದ ಎಲ್ಲ ಆಕಾಶವಾಣಿ ಕೇಂದ್ರಗಳು ಇದನ್ನು ಸಹಪ್ರಸಾರ ಮಾಡುತ್ತವೆ’ ಅಂತ ರೇಡಿಯೋದಲ್ಲಿ ಕೇಳುತ್ತಲೇ ಬೆಳೆದೆವು, ಅಲ್ವಾ? ಸಿಂಡಿಕೇಶನ್ ಇದಕ್ಕೆ ತದ್ವಿರುದ್ಧ. ಕಾರ್ಯಕ್ರಮದ ಹಕ್ಕು ಇರುವವನು ನೆಟ್‌ವರ್ಕನ್ನು ಪಕ್ಕಕ್ಕಿಟ್ಟು, ಒಂದೊಂದೇ ಊರಿಗೆ ಹೋಗಿ, ಅಲ್ಲಿನ ಒಂದು ಕೇಂದ್ರಕ್ಕೆ ಮಾತ್ರ ಅದನ್ನು ಮಾರುತ್ತಾನೆ. ಯಾವ ಹೊತ್ತಿಗೆ ಹಾಕಬೇಕು ಅನ್ನುವುದನ್ನು ಬಹುಮಟ್ಟಿಗೆ ಆ ಊರಿನವರೇ ನೋಡಿಕೊಳ್ಳುತ್ತಾರೆ.

ನಮ್ಮ ಮನೆಯ ಒಂದು ಜಗಳ ಹೇಳಿದರೆ ಇದು ಬೇಗ ತಿಳಿಯುತ್ತದೆ. ನಮ್ಮಕ್ಕ ಇರುವುದು ಶಿಕಾಗೋದಲ್ಲಿ. ಅಲ್ಲಿ ‘ಜೆಪರ್ಡಿ’ ಅನ್ನುವ ಕ್ವಿಜ್ ಮಧ್ಯಾಹ್ನ ಮೂರೂವರೆಗೆ ಬರುತ್ತದೆ. ಅವಳ ನಾದಿನಿ ಇರುವುದು ನ್ಯೂಜೆರ್ಸಿಯಲ್ಲಿ. ಅಲ್ಲಿಗೆ ಸಿಗುವ ನ್ಯೂಯಾರ್ಕ್ ಕೇಂದ್ರದಲ್ಲಿ ಅದೇ ದಿನದ ಅದೇ ಕಂತು ಸಂಜೆ ಏಳಕ್ಕೆ. 2004ರಲ್ಲಿ ಕೆನ್ ಜೆನ್ನಿಂಗ್ಸ್ ಅನ್ನುವವರು ಸತತ 74 ಆಟ ಗೆದ್ದು ದೇಶವನ್ನೇ ಟಿವಿ ಮುಂದೆ ಕೂರಿಸಿದ್ದರು. ನವೆಂಬರ್ 30ರಂದು ಅವರು ಸೋತರು. ಅಕ್ಕ ನೋಡಿದವಳೇ ನಾದಿನಿಗೆ ಫೋನ್ ಮಾಡಿ ‘ಪಾಪ, ಸೋತೇ ಹೋದ ಕಣೇ’ ಅಂದುಬಿಟ್ಟಳು. ಗಡಿಯಾರದಲ್ಲಿ ಶಿಕಾಗೋಗಿಂತ ಒಂದು ಗಂಟೆ ಮುಂದಿರುವ ನ್ಯೂಜೆರ್ಸಿಯಲ್ಲಿ ಆಗಿನ್ನೂ ಐದು ಗಂಟೆ. ಅವರ ಆಟ ಶುರುವಾಗಲು ಇನ್ನೂ ಎರಡು ಗಂಟೆ ಇತ್ತು. ನಾದಿನಿ ಒಂದು ವಾರ ಫೋನ್ ಎತ್ತಲಿಲ್ಲವಂತೆ. ನೆಟ್‌ವರ್ಕಿನ ಕಾರ್ಯಕ್ರಮ ಆಗಿದ್ದರೆ ಈ ಜಗಳವೇ ಹುಟ್ಟುತ್ತಿರಲಿಲ್ಲ.

ನಮ್ಮಲ್ಲಿ ಇದಕ್ಕೆ ಪದ ಯಾಕಿಲ್ಲ ಅನ್ನುವುದು ಇಲ್ಲೇ ಗೊತ್ತಾಗುತ್ತದೆ. ನಮ್ಮಲ್ಲಿ ಆ ವಸ್ತುವೇ ಇರಲಿಲ್ಲ. ಚಂದನದಲ್ಲಿ ‘ಥಟ್ ಅಂತ ಹೇಳಿ’ ಬಂದರೆ ಬೀದರಿನಲ್ಲೂ ಚಾಮರಾಜನಗರದಲ್ಲೂ ಒಂದೇ ಹೊತ್ತಿಗೆ ಬರುತ್ತದೆ. ಹಾಸನಕ್ಕೊಂದು ಟಿವಿ, ಗದಗಕ್ಕೊಂದು ಟಿವಿ ಇದ್ದು, ಸೋಮೇಶ್ವರ ಅವರ ಕ್ವಿಜ್ ಹಾಸನದಲ್ಲಿ ಬೆಳಗ್ಗೆ, ಗದಗದಲ್ಲಿ ರಾತ್ರಿ ಬರುವಂತಿದ್ದರೆ ನಮ್ಮ ಜನ ಅದಕ್ಕೆ ಎಂದೋ ಹೆಸರಿಡುತ್ತಿದ್ದರು.

ಈಗ ನನ್ನ ಪಟ್ಟಿಗೆ ಬರುತ್ತೇನೆ. ಮೊದಲು ‘ವಿತರಣೆ’ ಅಂತ ಹಾಕಿದ್ದೆ. ಆದರೆ ಗೇಮ್ ಶೋ ಬಗ್ಗೆ ಬರೆಯುವಾಗ ಪ್ರತಿ ಎರಡನೇ ಸಾಲಿನಲ್ಲಿ ‘ಬಹುಮಾನ ವಿತರಣೆ’ ಬರುತ್ತದೆ. ಒಂದು ಕಡೆ ‘ಶೋ ವಿತರಕರು’ ಕಾರು ಕೊಟ್ಟ ಹಾಗೆ ಆಗಿಹೋಯಿತು. ‘ಮರುಪ್ರಸಾರ’ವೂ ಆಗದು. ನೆಟ್‌ವರ್ಕಿನಲ್ಲಿ ಒಮ್ಮೆ ಬಂದುಹೋದ ಹಳೆಯ ಧಾರಾವಾಹಿಗಳನ್ನು ಊರೂರಿಗೆ ಮಾರುವುದಕ್ಕೂ ಸಿಂಡಿಕೇಶನ್ ಅನ್ನುತ್ತಾರೆ, ನಿಜ. ಆದರೆ ಜೆಪರ್ಡಿಯಂಥವು ಹೊಚ್ಚ ಹೊಸ ಕಂತುಗಳು, ನೇರವಾಗಿ ಊರಿನ ಕೇಂದ್ರಕ್ಕೇ ಹೋಗುವಂಥವು.

ನನಗೆ ದಾರಿ ತೋರಿಸಿದ್ದು ಗಾಂಧಿನಗರ. ನಮ್ಮ ಸಿನಿಮಾದವರು ಇದೇ ಕೆಲಸವನ್ನು ದಶಕಗಳಿಂದ ಮಾಡಿದ್ದಾರೆ. ಒಬ್ಬ ನಿರ್ಮಾಪಕ, ಅವನಿಂದ ಹಕ್ಕು ಪಡೆದ ಹಂಚಿಕೆದಾರ, ಅವನಿಂದ ರೀಲಿನ ಡಬ್ಬ ಪಡೆಯುತ್ತಿದ್ದ ಟಾಕೀಸಿನವನು. ಬೆಂಗಳೂರು-ಕೋಲಾರ-ತುಮಕೂರಿಗೆ ಒಬ್ಬ ಹಂಚಿಕೆದಾರನಾದರೆ ಇನ್ನೊಂದು ಏರಿಯಾಕ್ಕೆ ಇನ್ನೊಬ್ಬ. ‘ಎಷ್ಟು ಸೆಂಟರ್?’, ಅಂದರೆ ಎಷ್ಟು ಊರಿನಲ್ಲಿ ಹಾಕುತ್ತಿದ್ದಾರೆ ಅಂತ ಅವರು ಕೇಳುತ್ತಾರಲ್ಲ, ಅಮೆರಿಕದವರು ‘ಕ್ಲಿಯರೆನ್ಸ್ ಎಷ್ಟು?’ ಅಂತ ಕೇಳುವುದೂ ಅದನ್ನೇ. ಕ್ಲಿಯರೆನ್ಸ್ ಅಂತ ಹಾಗೇ ಬಿಟ್ಟರೆ ನಮ್ಮವರು ಆಷಾಢದ ಸೀರೆ ಸೇಲ್ ಅಂದುಕೊಳ್ಳುತ್ತಾರೆ. ಹಾಗಾಗಿ ‘ಸೆಂಟರ್’ ಅಂತಲೇ ಹಾಕಿದ್ದೇನೆ. ಸಿಂಡಿಕೇಶನ್‌ಗೆ ‘ಊರುವಾರು ಹಂಚಿಕೆ’. ಜಿಲ್ಲಾವಾರು, ತಾಲ್ಲೂಕುವಾರು ಅಂತ ಸರ್ಕಾರಿ ಕಾಗದಗಳಲ್ಲಿ ದಿನಾ ಓದುತ್ತೇವೆ, ಹಾಗೇ ಇದು. ಹಂಚಿಕೆಗೆ ಒಳಸಂಚು ಅನ್ನುವ ಅರ್ಥವೂ ಇದೆ, ‘ಏನೋ ಹಂಚಿಕೆ ಹಾಕ್ತಿದಾನೆ’ ಅಂತೀವಲ್ಲ. ಟಿವಿ ವ್ಯಾಪಾರಕ್ಕೆ ಅದೇನೂ ತಪ್ಪಿಲ್ಲ ಬಿಡಿ.

ಈ ಪದ್ಧತಿ ಬಲಿತ ಕತೆಯೂ ಬರಹದಲ್ಲಿದೆ. 1970ರಲ್ಲಿ ಎಫ್‌ಸಿಸಿ, ಅಂದರೆ ರೇಡಿಯೋ ಟಿವಿಗಳ ಮೇಲೆ ಕಣ್ಣಿಡುವ ಅಲ್ಲಿನ ಸರ್ಕಾರಿ ಸಂಸ್ಥೆ, ಎರಡು ನಿಯಮ ತಂದಿತು. ಒಂದು, ದೊಡ್ಡ 50 ಮಾರುಕಟ್ಟೆಗಳಲ್ಲಿ ಸಂಜೆಯ ಮುಖ್ಯ ಹೊತ್ತಿನ ನಾಲ್ಕು ಗಂಟೆಯಲ್ಲಿ ಮೂರು ಗಂಟೆ ಮಾತ್ರ ನೆಟ್‌ವರ್ಕಿನದು. ಇದು 1971ರಿಂದ ಜಾರಿಗೆ ಬಂತು. ಇನ್ನೊಂದು, ನೆಟ್‌ವರ್ಕಿನವರು ಊರುವಾರು ಹಂಚಿಕೆ ವ್ಯಾಪಾರ ಮಾಡಕೂಡದು. ಉಳಿದ ಹೊತ್ತಿನಲ್ಲಿ ಊರಿನವರು ಊರಿನದೇ ಕಾರ್ಯಕ್ರಮ ಮಾಡಲಿ ಅನ್ನುವುದು ಆಸೆ. ತಾನೊಂದು ಬಗೆದರೆ ದೈವವೊಂದು ಬಗೆಯಿತು. ಕಡಿಮೆ ಖರ್ಚಿನಲ್ಲಿ ಅರ್ಧ ಗಂಟೆ ತುಂಬಿಸುವುದು ಯಾವುದು? ಗೇಮ್ ಶೋ. ಒಂದು ಸೆಟ್, ಒಬ್ಬ ನಿರೂಪಕ, ಒಂದೇ ದಿನದಲ್ಲಿ ಐದಾರು ಕಂತು ಚಿತ್ರೀಕರಣ. ಹೀಗೆ ಖಾಲಿಯಾದ ಸಂಜೆ ಏಳೂವರೆಯ ಜಾಗಕ್ಕೆ ಅವೇ ಬಂದು ಕೂತವು.

ಎರಡನೇ ನಿಯಮದಿಂದಾಗಿ ಸಿಬಿಎಸ್ ತನ್ನ ಹಂಚಿಕೆ ವಿಭಾಗವನ್ನು 1971ರಲ್ಲಿ ಬೇರೆ ಮಾಡಿತು. ಆ ಕಂಪನಿಯ ಹೆಸರು ವಯಾಕಾಮ್. ಹೌದು, ಈಟಿವಿ ಕನ್ನಡ 2015ರಲ್ಲಿ ಕಲರ್ಸ್ ಕನ್ನಡ ಆದಾಗ ನಾವೆಲ್ಲ ಓದಿದ ವಯಾಕಾಮ್ 18ರಲ್ಲಿದ್ದ ವಯಾಕಾಮ್ ಅದರ ಕುಡಿಯೇ. ಬೇರೆ ಹೋದ ಆ ಮಗ 2000ದಲ್ಲಿ ಅಪ್ಪ ಸಿಬಿಎಸ್‌ನನ್ನೇ ಕೊಂಡುಕೊಂಡ. ಅದು ಬೇರೆ ಪುರಾಣ, ಬಿಡಿ.

ಈಗ ನನಗೆ ತುಂಬ ಇಷ್ಟವಾದ, ಅಷ್ಟೇ ಕಾಡಿದ ಪದ. ಟೇಪುಗಳನ್ನು ಕೇಂದ್ರದಿಂದ ಕೇಂದ್ರಕ್ಕೆ ಕಳಿಸುವುದಕ್ಕೆ ಅವರು ‘ಬೈಸಿಕ್ಲಿಂಗ್’ ಅನ್ನುತ್ತಿದ್ದರು. ಆಗಿನ ಟೇಪು ಎರಡು ಇಂಚು ಅಗಲ. ಸೆಕೆಂಡಿಗೆ 15 ಇಂಚು ಓಡುತ್ತಿತ್ತು. ಅರ್ಧ ಗಂಟೆಗೆ 2,250 ಅಡಿ ಆಯಿತು, ಅಂದರೆ ಮೂರು ಫರ್ಲಾಂಗಿಗೂ ಜಾಸ್ತಿ. ಟೇಪು ದುಬಾರಿ. ಪ್ರತಿ ಕೇಂದ್ರಕ್ಕೂ ಒಂದೊಂದು ಪ್ರತಿ ಮಾಡಿಸಿದರೆ ಲಾಭವೆಲ್ಲ ಟೇಪಿಗೇ ಹೋಗುತ್ತಿತ್ತು. ಹಾಗಾಗಿ ಕೆಲವೇ ಪ್ರತಿ ಮಾಡಿಸುತ್ತಿದ್ದರು. ಮೊದಲ ಊರಿನವರು ಪ್ರಸಾರ ಮಾಡಿ, ಡಬ್ಬಕ್ಕೆ ಹಾಕಿ, ಪಟ್ಟಿಯಲ್ಲಿರುವ ಮುಂದಿನ ಊರಿಗೆ ಕಳಿಸಬೇಕು. ಅವರು ಅದರ ಮುಂದಿನವರಿಗೆ. ಕೊನೆಯ ಊರಿನಿಂದ ವಾಪಸ್ ಬಂದ ಟೇಪನ್ನು ಅಳಿಸಿ ಇನ್ನೊಂದು ಕಂತಿಗೆ ಬಳಸುವುದೂ ಇತ್ತು. ಇದರಿಂದ ಒಂದೇ ಕಂತು ಒಂದು ಊರಿನಲ್ಲಿ ಈ ವಾರ ಬಂದರೆ ಇನ್ನೊಂದು ಊರಿನಲ್ಲಿ ಎಷ್ಟೋ ವಾರಗಳ ಮೇಲೆ ಬರುತ್ತಿತ್ತು. ನಿರೂಪಕ ‘ಹೊಸ ವರ್ಷದ ಶುಭಾಶಯ’ ಅಂದರೆ ಯಾವುದೋ ಊರಿನಲ್ಲಿ ಅದು ಬೇಸಿಗೆಯಲ್ಲಿ ಕೇಳಿಸೀತು. 1972ರಲ್ಲಿ ಶುರುವಾದ ರಾತ್ರಿ ಹೊತ್ತಿನ ‘ದ ಪ್ರೈಸ್ ಈಸ್ ರೈಟ್’ ವಾರಕ್ಕೊಮ್ಮೆ ಬರುವ ಶೋ, ವಯಾಕಾಮ್ ಹಂಚಿದ್ದು. ಅಂಥ ಶೋಗಳ ಕಾಲ ಇದು. 80ರ ದಶಕದಲ್ಲಿ ಉಪಗ್ರಹದಿಂದ ಕಳಿಸುವುದು ರೂಢಿಗೆ ಬಂದ ಮೇಲೆ ಡಬ್ಬಗಳ ಓಡಾಟ ನಿಂತಿತು. ಅಕ್ಕ ಮತ್ತು ನಾದಿನಿ ಒಂದೇ ದಿನ ಒಂದೇ ಕಂತು ನೋಡಿ ಜಗಳವಾಡಲು ಸಾಧ್ಯವಾದದ್ದು ಆ ಉಪಗ್ರಹದಿಂದ.

ಸಿನಿಮಾ ರೀಲುಗಳನ್ನು ಟಾಕೀಸಿನಿಂದ ಟಾಕೀಸಿಗೆ ಸೈಕಲ್ ಮೇಲೆ ಒಯ್ಯುತ್ತಿದ್ದರಿಂದ ಬೈಸಿಕ್ಲಿಂಗ್ ಅನ್ನುವ ಪದ ಬಂತು ಅನ್ನುತ್ತಾರೆ. ನನಗೆ ಇದನ್ನು ನಂಬಲು ಕಷ್ಟವೇ ಆಗಲಿಲ್ಲ. ನಮ್ಮೂರಿನಲ್ಲಿ ಎರಡು ಟಾಕೀಸು, ಹಬ್ಬಕ್ಕೆ ಎರಡರಲ್ಲೂ ಒಂದೇ ಪಿಕ್ಚರ್, ಪ್ರಿಂಟ್ ಒಂದೇ. ಒಂದು ಕಡೆ ಮುಗಿದ ರೀಲನ್ನು ಒಬ್ಬ ಹುಡುಗ ಸೈಕಲ್ ಕ್ಯಾರಿಯರಿಗೆ ಟ್ಯೂಬಿನಿಂದ ಬಿಗಿದು ಇನ್ನೊಂದು ಕಡೆಗೆ ತುಳಿಯುತ್ತಿದ್ದ. ನಡುವೆ ರೈಲ್ವೆ ಗೇಟು. ಗೇಟು ಬಿದ್ದರೆ ನಮಗೆ ಇಂಟರ್‌ವಲ್ ಎಳೆಯುತ್ತಿತ್ತು. ಒಮ್ಮೆ ಗೂಡ್ಸ್ ಗಾಡಿ ನಿಂತುಬಿಟ್ಟು, ಹೀರೋ ಬಂಡೆಯಿಂದ ಜಾರಿದವನು ಮುಕ್ಕಾಲು ಗಂಟೆ ಹಾಗೇ ಜಾರುತ್ತಿದ್ದ. ಕಡಲೆಕಾಯಿ ಮಾರುವವನಿಗೆ ಅವತ್ತು ಒಳ್ಳೆಯ ವ್ಯಾಪಾರ.

ಆದರೂ ‘ಸೈಕಲ್ ಹೊಡೆಯುವುದು’ ಅಂತ ಬರೆಯುವ ಹಾಗಿಲ್ಲ. ಕನ್ನಡದಲ್ಲಿ ಸೈಕಲ್ ಹೊಡೆಸುವುದು ಅಂದರೆ ಸುಮ್ನೆ ಅಲೆದಾಡಿಸುವುದು. ‘ವಯಾಕಾಮ್ ಕೇಂದ್ರಗಳಿಗೆ ಸೈಕಲ್ ಹೊಡೆಸಿತು’ ಅಂದರೆ ಅರ್ಥ ಕೆಟ್ಟಿತು. ಆಗ ಹೊಳೆದದ್ದು ‘ಸುತ್ತೋಲೆ’. ಆಫೀಸಿನಲ್ಲಿ ಒಬ್ಬರ ಮೇಜಿನಿಂದ ಇನ್ನೊಬ್ಬರ ಮೇಜಿಗೆ ಹೋಗುವ ಓಲೆ ಸುತ್ತೋಲೆಯಾದರೆ, ಹೀಗೆ ಹೋಗುವ ಟೇಪು ‘ಸುತ್ತುಟೇಪು’ ಯಾಕಾಗಬಾರದು?

ಇನ್ನು ದುಡ್ಡಿನ ಮಾತು. ಕೇಂದ್ರದವರು ಶೋಗೆ ಎರಡು ಬಗೆಯಲ್ಲಿ ಬೆಲೆ ಕೊಡುತ್ತಾರೆ. ಒಂದು ನಗದು. ಇನ್ನೊಂದು ‘ಬಾರ್ಟರ್’. ಅದರಲ್ಲಿ ಕೇಂದ್ರ ದುಡ್ಡು ಕೊಡುವುದಿಲ್ಲ. ಶೋ ನಡುವಿನ ಜಾಹೀರಾತು ಹೊತ್ತಿನಲ್ಲಿ ಒಂದು ಪಾಲನ್ನು ಹಂಚಿಕೆದಾರನಿಗೆ ಬಿಟ್ಟುಕೊಡುತ್ತದೆ. ಅವನು ಅದನ್ನು ದೇಶದ ದೊಡ್ಡ ದೊಡ್ಡ ಕಂಪನಿಗಳಿಗೆ ಮಾರಿಕೊಳ್ಳುತ್ತಾನೆ. ಉಳಿದ ಹೊತ್ತನ್ನು ಕೇಂದ್ರ ಊರಿನ ಕಾರು ಅಂಗಡಿಗೋ ಮಂಚದ ಅಂಗಡಿಗೋ ಮಾರುತ್ತದೆ. ಎರಡೂ ಬೆರೆಸಿದ್ದೂ ಉಂಟು, ಇಷ್ಟು ದುಡ್ಡು, ಜೊತೆಗೆ ಇಷ್ಟು ಹೊತ್ತು.

ಬಾರ್ಟರ್‌ಗೆ ನಿಘಂಟು ‘ವಸ್ತು ವಿನಿಮಯ’ ಅನ್ನುತ್ತದೆ. ಶಾಲೆಯ ಪಾಠದ ಹಾಗಿದೆ, ಉಪ್ಪು ಕೊಟ್ಟು ರಾಗಿ ತಂದ ಹಾಗೆ. ನನಗೆ ಇದು ಹೊಲದ ಲೆಕ್ಕದಂತೆ ಕಾಣುತ್ತದೆ. ಹೊಲವನ್ನು ಗುತ್ತಿಗೆಗೆ ಕೊಟ್ಟರೆ ಮಳೆ ಬರಲಿ ಬಿಡಲಿ ಇಷ್ಟು ದುಡ್ಡು ಅಂತ ಗೊತ್ತು. ವಾರಕ್ಕೆ ಕೊಟ್ಟರೆ ಬೆಳೆದದ್ದರಲ್ಲಿ ಪಾಲು. ನಗದು ಗುತ್ತಿಗೆ, ಬಾರ್ಟರ್ ವಾರ. ಶೋ ಚೆನ್ನಾಗಿ ಓಡಿದರೆ ಪಾಲಿನ ಬೆಲೆ ಏರುತ್ತದೆ, ಬಿದ್ದರೆ ಇಬ್ಬರಿಗೂ ನಷ್ಟ. ಎಷ್ಟು ಸರಿಯಾಗಿ ಕೂರುತ್ತದೆ ನೋಡಿ! ಖುಷಿಯಿಂದ ‘ಜೆಪರ್ಡಿಯನ್ನು ವಾರಕ್ಕೆ ಕೊಟ್ಟರು’ ಅಂತ ಬರೆದೆ. ಆಮೇಲೆ ಓದಿದರೆ ಏಳು ದಿನಕ್ಕೆ ಕೊಟ್ಟರು ಅಂತ ಆಗಿತ್ತು. ಟಿವಿಯ ಬರಹದಲ್ಲಿ ‘ವಾರ’ ನಡೆಯದು. ಅದೇ ಪಾಲಿಗೆ ‘ಕೋರು’ ಅಂದರೆ ನಮ್ಮ ಕಡೆಯ ರೈತರಿಗೆ ಗೊತ್ತು, ಬೇರೆ ಕಡೆ? ಸದ್ಯಕ್ಕೆ ‘ಪಾಲಿನ ಒಪ್ಪಂದ’ ಅಂತ ಹಾಕಿದ್ದೇನೆ. ಸಪ್ಪೆಯಾಗಿದೆ.

ಸಣ್ಣವು ಎರಡಿವೆ. ‘ಸ್ಟೇಷನ್’ ಅಂತ ಬರೆದರೆ ನಮ್ಮ ಜನಕ್ಕೆ ಪೊಲೀಸೋ ರೈಲೋ ನೆನಪಾಗುತ್ತದೆ. ‘ಟೇಪನ್ನು ಸ್ಟೇಷನ್ನಿಗೆ ಒಪ್ಪಿಸಿದರು’ ಅಂದರಂತೂ ಕೇಸೇ ಆಯಿತು. ‘ಚಾನೆಲ್’ ಅಂದರೆ ನೆಟ್‌ವರ್ಕಿಗೂ ಕೇಂದ್ರಕ್ಕೂ ವ್ಯತ್ಯಾಸ ಉಳಿಯುವುದಿಲ್ಲ, ಈ ಬರಹದ ಜೀವ ಇರುವುದೇ ಆ ವ್ಯತ್ಯಾಸದಲ್ಲಿ. ‘ಕೇಂದ್ರ’ ಅಂತ ಬರೆದುಕೊಂಡು ಬಂದಿದ್ದೇನೆ, ಆದರೆ ಅದು ಪಕ್ಕದಲ್ಲಿರುವ ‘ಸೆಂಟರ್’ ಜೊತೆ ಡಿಕ್ಕಿ ಹೊಡೆಯುತ್ತದೆ. ಆಕಾಶವಾಣಿಯವರ ‘ನಿಲಯ’ ಎಷ್ಟು ಚೆನ್ನಾಗಿತ್ತು. ‘ನಿಲಯದ ಕಲಾವಿದರಿಂದ’ ಅಂತ ಕೇಳಿದರೆ ಈಗಲೂ ಕಿವಿ ನೆಟ್ಟಗಾಗುತ್ತದೆ. ಟಿವಿಗೂ ‘ನಿಲಯ’ ಅನ್ನಬಹುದೇ, ಹಳೆಯದಾಯಿತೇ? ಇನ್ನೊಂದು ‘ಸ್ಟ್ರಿಪ್’, ಅಂದರೆ ಸೋಮವಾರದಿಂದ ಶುಕ್ರವಾರದವರೆಗೆ ದಿನಾ ಅದೇ ಹೊತ್ತಿಗೆ ಬರುವ ಶೋ. 1983ರಲ್ಲಿ ಸಂಜೆಗೆ ಬಂದ ‘ವೀಲ್ ಆಫ್ ಫಾರ್ಚೂನ್’ ಮತ್ತು 1984ರಲ್ಲಿ ಬಂದ ಈಗಿನ ಜೆಪರ್ಡಿ, ಎರಡನ್ನೂ ಕಿಂಗ್ ವರ್ಲ್ಡ್ ಕಂಪನಿ ಹೀಗೆಯೇ ಹಂಚಿತು. ಇದಕ್ಕೆ ‘ದಿನವಹಿ’ ಸಾಕು ಅನಿಸುತ್ತದೆ.

ನಿಮ್ಮಲ್ಲಿ ಯಾರಾದರೂ ಗಾಂಧಿನಗರದ ಹಂಚಿಕೆ ಕಚೇರಿಗಳಲ್ಲೋ ಟಾಕೀಸಿನ ಕ್ಯಾಬಿನ್ನಿನಲ್ಲೋ ಕೆಲಸ ಮಾಡಿದ್ದರೆ ಒಂದು ಕೇಳಬೇಕು. ಒಂದೇ ಪ್ರಿಂಟನ್ನು ಎರಡು ಟಾಕೀಸಿನ ನಡುವೆ ಓಡಿಸುವುದಕ್ಕೆ ನೀವು ಏನನ್ನುತ್ತಿದ್ದಿರಿ? ಪುಸ್ತಕದ ಪದ ಬೇಡ, ಬಾಯಲ್ಲಿ ಆಡುತ್ತಿದ್ದ ಪದವೇ ಬೇಕು. ನಮ್ಮೂರಿನ ಸೈಕಲ್ ಹುಡುಗನನ್ನೇ ಕೇಳೋಣ ಅಂದರೆ ಆ ಟಾಕೀಸು ಈಗ ಕಲ್ಯಾಣ ಮಂಟಪ, ಅವನು ಎಲ್ಲಿದ್ದಾನೋ ಗೊತ್ತಿಲ್ಲ. ಸೋಮವಾರದವರೆಗೆ ಕಾಯುತ್ತೇನೆ. ಅಷ್ಟರಲ್ಲಿ ಏನೂ ಬರದಿದ್ದರೆ ‘ಸುತ್ತುಟೇಪು’ ಅಂತಲೇ ಹಾಕಿ ಕಳಿಸಿಬಿಡುತ್ತೇನೆ.